ಹಸಿದು ಬಂದ ರೋಗಿಗೆ ಐಸಿಯುನಲ್ಲಿ ಊಟ: ಹಾವೇರಿ ಕಡೆಯ ಒಬ್ಬ ತಾಯಿಯ ಪ್ರಕರಣ

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ಡಯಟಿಷಿಯನ್. ಐಸಿಯುಗೆ ಬಂದವರ ಬಿಪಿ, ಉಸಿರು, ಸೋಂಕು ಇವುಗಳ ಬಗ್ಗೆ ಎಲ್ಲರ ಗಮನ ಇರುತ್ತದೆ. ಅವರು ಬರುವ ಮೊದಲು ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಆ ಪ್ರಶ್ನೆಯ ಉತ್ತರ ಒಬ್ಬ ರೋಗಿಯ ಚಿಕಿತ್ಸೆಯನ್ನು ಹೇಗೆ ತಿರುಗಿಸಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನರ್ಸಿಂಗ್, ಡಯಟೆಟಿಕ್ಸ್ ಓದುವವರಿಗೆ, ಸಣ್ಣ ಊರುಗಳ ಐಸಿಯುಗಳಲ್ಲಿ ಡ್ಯೂಟಿ ಮಾಡುವ ಡಾಕ್ಟರುಗಳಿಗೆ ಇದು ಉಪಯೋಗವಾಗಬಹುದು. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯವರ ವಿವರಗಳನ್ನು ಬದಲಿಸಿದ್ದೇನೆ.

ರೋಗಿ ಯಾರು

ಐವತ್ತು ದಾಟಿದ ಹೆಂಗಸು. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಸುಗ್ಗಿಯಲ್ಲಿ ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ, ಮಳೆಗಾಲದಲ್ಲಿ ಗೋವಿನಜೋಳ, ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಕೆಲಸ. ಗಂಡ ಇಲ್ಲ. ಮಗ, ಸೊಸೆ, ಮದುವೆಯಾಗಿ ಪಕ್ಕದ ಊರಿನಲ್ಲಿರುವ ಮಗಳು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ.

ಜ್ವರ, ಕೆಮ್ಮು ಶುರುವಾಗಿ ವಾರಗಳೇ ಕಳೆದಿದ್ದವು. ಉಸಿರಾಡಲು ಕಷ್ಟವಾದಾಗ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದಾರೆ. ಅಲ್ಲಿ ಎರಡು ದಿನ ಗ್ಲೂಕೋಸ್ ಸಲಾಯಿನ್, ಆ್ಯಂಟಿಬಯಾಟಿಕ್. ಬಿಪಿ ಇಳಿದಾಗ ಹುಬ್ಬಳ್ಳಿಗೆ ಕಳಿಸಿದ್ದಾರೆ. ಹಾವೇರಿಯಿಂದ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್. ನಮ್ಮಲ್ಲಿಗೆ ಬಂದಾಗ ಎರಡೂ ಕಡೆ ನ್ಯುಮೋನಿಯಾ, ಸೆಪ್ಟಿಕ್ ಶಾಕ್, ಅಂದರೆ ಸೋಂಕಿನಿಂದ ಬಿಪಿ ಕುಸಿದ ಸ್ಥಿತಿ. ಬಂದ ಒಂದೆರಡು ಗಂಟೆಯಲ್ಲೇ ವೆಂಟಿಲೇಟರ್ ಹಚ್ಚಬೇಕಾಯಿತು. ಬಿಪಿ ಹಿಡಿಯಲು ನಾರ್‌ಅಡ್ರಿನಲಿನ್ ಶುರುವಾಯಿತು. ಇಷ್ಟು ದಿನದ ಕೆಮ್ಮು ಎಂದರೆ ಟಿಬಿ ಇರಬಹುದು ಎಂದು ಕಫ ಪರೀಕ್ಷೆಗೆ ಕಳಿಸಿದರು. ಟಿಬಿ ಸಿಗಲಿಲ್ಲ.

ಹಾಸಿಗೆಯ ತೂಕದ ಯಂತ್ರ 43 ಕೆಜಿ ತೋರಿಸಿತು. ಕೇಸ್ ಶೀಟಿನಲ್ಲಿ ಅದೇ ಸಂಖ್ಯೆ ಹೋಯಿತು. ಆದರೆ ಅಷ್ಟೊತ್ತಿಗೆ ಅವರ ಮೈಗೆ ಲೀಟರ್‌ಗಟ್ಟಲೆ ಸಲಾಯಿನ್ ಹೋಗಿತ್ತು. ಕೈಕಾಲು ಊದಿದ್ದವು. ಊದಿದ ಮೈ ನೋಡಿದರೆ ಯಾರಿಗೂ ಬಡಕಲು ಅನ್ನಿಸುವುದಿಲ್ಲ, ಅಲ್ವಾ? ಈ 43 ಮುಂದೆ ಮುಖ್ಯವಾಗುತ್ತದೆ.

ಮೊದಲ ಎರಡು ದಿನ: ಊಟ ಶುರು ಮಾಡಬೇಕಾ, ಬೇಡವಾ

ಮೊದಲ ದಿನ ಏನೂ ಹಾಕಲಿಲ್ಲ. ಅದು ಸರಿಯಾದ ನಿರ್ಧಾರ. ಬಿಪಿ ನಿಲ್ಲದೆ ನಾರ್‌ಅಡ್ರಿನಲಿನ್ ಡೋಸ್ ಏರುತ್ತಿರುವಾಗ ಕರುಳಿಗೆ ರಕ್ತ ಕಡಿಮೆ ಹೋಗುತ್ತದೆ. ಆಗ ಕರುಳಿಗೆ ಕೆಲಸ ಹೆಚ್ಚಿಸಿದರೆ ಅದು ಸಾಯುವ ಅಪಾಯ ಉಂಟು. ಫ್ರಾನ್ಸ್‌ನಲ್ಲಿ ಶಾಕ್‌ನಲ್ಲಿದ್ದ ವೆಂಟಿಲೇಟರ್ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೊದಲ ದಿನದಿಂದಲೇ ನಳಿಕೆಯಲ್ಲಿ ಪೂರ್ತಿ ಊಟ ಕೊಟ್ಟವರಲ್ಲಿ ಈ ತೊಂದರೆ ಹೆಚ್ಚು ಕಂಡಿತ್ತು. ಎಣಿಕೆಯಲ್ಲಿ ಅಂಥವರು ಕಡಿಮೆ. ಆದರೆ ಒಮ್ಮೆ ಹಾಗಾದರೆ ರೋಗಿ ಉಳಿಯುವುದು ಕಷ್ಟ.

ಎರಡನೇ ದಿನ ಚಿತ್ರ ಬದಲಾಯಿತು. ನಾರ್‌ಅಡ್ರಿನಲಿನ್ ಇಳಿಯುತ್ತಿತ್ತು. ಮೈಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ 5ರಿಂದ 2ಕ್ಕೆ ಬಂದಿತ್ತು. ಹೊಟ್ಟೆ ಮೆತ್ತಗಿತ್ತು. ಶಾಕ್ ಹತೋಟಿಗೆ ಬಂದ ಮೇಲೆ 48 ಗಂಟೆಯೊಳಗೆ ನಳಿಕೆಯಲ್ಲಿ ಊಟ ಶುರುಮಾಡಿ ಎಂದು ಯುರೋಪಿನ ಮತ್ತು ಅಮೆರಿಕದ ಮಾರ್ಗಸೂಚಿಗಳು ಎರಡೂ ಹೇಳುತ್ತವೆ. ಖಾಲಿ ಬಿಟ್ಟ ಕರುಳಿನ ಒಳಪದರ ಬೇಗ ಸೊರಗುತ್ತದೆ. ಹಾಗಾಗಿ ಸಂಜೆ ಮೂಗಿನ ನಳಿಕೆಯಲ್ಲಿ 50 ಮಿಲಿಯಿಂದ ಶುರುವಾಯಿತು.

ಹೊರಗೆ ಮನೆಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮಗ ಬಾಗಿಲಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದ: "ಮೇಡಂ, ಅವ್ವಗ ಹೊಟ್ಟಿಗೇನೂ ಹಾಕವಲ್ರಲ್ರಿ? ಹಿಂಗ ಉಪಾಸ ಕೆಡವಿದ್ರ ಹೆಂಗ ಚೇತರಿಸ್ಕೊಳ್ತಾಳ್ರಿ?" ತಾಕತ್ತಿನ ಸಲಾಯಿನ್ ಹಚ್ಚಿ ಎಂದು ಕೇಳಿದ. ನಮ್ಮ ಕಡೆ ಈ ಬೇಡಿಕೆ ದಿನಾ ಬರುತ್ತದೆ. ಒಂದು ಲೀಟರ್ 5 ಪರ್ಸೆಂಟ್ ಗ್ಲೂಕೋಸ್ ಸಲಾಯಿನ್‌ನಲ್ಲಿ ಇರುವುದು 50 ಗ್ರಾಂ ಸಕ್ಕರೆ, ಸುಮಾರು 170 ಕ್ಯಾಲೊರಿ. ಪ್ರೋಟೀನ್ ಸೊನ್ನೆ. ಹಳದಿ ಬಣ್ಣದ ವಿಟಮಿನ್ ಬೆರೆಸಿದರೆ ಬಾಟಲಿ ನೋಡಲು ಭರ್ಜರಿಯಾಗಿರುತ್ತದೆ. ಊಟ ಮಾತ್ರ ಆಗುವುದಿಲ್ಲ. ರಕ್ತನಾಳದಲ್ಲಿ ಪೂರ್ತಿ ಊಟ ಕೊಡುವ ಮೂರು ಖಾನೆಯ ಚೀಲವೂ ಇದೆ. ಕರುಳು ಕೆಲಸ ಮಾಡುತ್ತಿರುವಾಗ ಅದರ ಅವಸರ ಇರಲಿಲ್ಲ.

ಮೂರನೇ ದಿನ: ಎಲ್ಲರಿಗೂ ಒಂದೇ ಅಳತೆ

ವಾರ್ಡಿನಲ್ಲಿ ಒಂದು ಛಾಪಿಸಿದ ಹಾಳೆ ಇತ್ತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಎರಡು ಗಂಟೆಗೊಮ್ಮೆ 200 ಮಿಲಿ. ರೋಗಿ 80 ಕೆಜಿ ಇರಲಿ, 40 ಕೆಜಿ ಇರಲಿ, ಅದೇ ಹಾಳೆ. ಎಷ್ಟೋ ಐಸಿಯುಗಳಲ್ಲಿ ಇವತ್ತಿಗೂ ಇಂಥದ್ದೇ ಪದ್ಧತಿ ನಡೆಯುತ್ತಿದೆ. 50 ಮಿಲಿ ಚೆನ್ನಾಗಿ ಹೋಯಿತು, ವಾಂತಿ ಇಲ್ಲ ಎಂದು ಮೂರನೇ ದಿನ ಬೆಳಿಗ್ಗೆ ಆ ಹಾಳೆ ಜಾರಿಗೆ ಬಂತು.

ಲೆಕ್ಕ ಹಾಕಿ ನೋಡಿ. ಒಂಬತ್ತು ಸಲ, 200 ಮಿಲಿಯಂತೆ 1800 ಮಿಲಿ. ಮಿಲಿಗೆ ಒಂದು ಕ್ಯಾಲೊರಿಯಂತೆ ನೀರಿನಲ್ಲಿ ಕಲಸಿದ ನಳಿಕೆ ಊಟದ ಪುಡಿ, ಅಂದರೆ 1800 ಕ್ಯಾಲೊರಿ. ಇದರ ಜೊತೆ ಯಾರೂ ಎಣಿಸದ ಕ್ಯಾಲೊರಿಗಳು ಬೇರೆ ಇದ್ದವು. ಒಂದು ಲೀಟರ್ ಗ್ಲೂಕೋಸ್ ಸಲಾಯಿನ್ ಇನ್ನೂ ಹೋಗುತ್ತಿತ್ತು, ಅದರಿಂದ 170. ನಿದ್ದೆಗೆಂದು ಪ್ರೊಪೊಫಾಲ್ ಗಂಟೆಗೆ 10 ಮಿಲಿ ಹೋಗುತ್ತಿತ್ತು. ಆ ಬಿಳಿ ಔಷಧಿ ಕೊಬ್ಬಿನಲ್ಲಿ ಕಲಸಿದ್ದು, ಮಿಲಿಗೆ 1.1 ಕ್ಯಾಲೊರಿ. ದಿನಕ್ಕೆ 260 ದಾಟುತ್ತದೆ. ಒಟ್ಟು 2200ರ ಮೇಲಾಯಿತು. ಈ ರೋಗಿಗೆ ಆ ಹಂತದಲ್ಲಿ 600 ಕ್ಯಾಲೊರಿಯೂ ಜಾಸ್ತಿಯೇ ಆಗಿತ್ತು.

ರಾತ್ರಿ ರಕ್ತದ ಸಕ್ಕರೆ 240 ದಾಟಿತು. ಇನ್ಸುಲಿನ್ ಡ್ರಿಪ್ ಶುರುವಾಯಿತು.

ನಾಲ್ಕನೇ ದಿನ ಬೆಳಿಗ್ಗೆ

ಇಳಿಯುತ್ತಿದ್ದ ನಾರ್‌ಅಡ್ರಿನಲಿನ್ ಮತ್ತೆ ಏರಿತ್ತು. ಮಾನಿಟರಿನಲ್ಲಿ ಎದೆಬಡಿತ ನಡುನಡುವೆ ತಪ್ಪುತ್ತಿತ್ತು. ಲ್ಯಾಕ್ಟೇಟ್ 2ರಿಂದ 4.2ಕ್ಕೆ ಹೋಗಿತ್ತು. ವೆಂಟಿಲೇಟರ್ ಸಹಾಯ ಸ್ವಲ್ಪ ಕಡಿಮೆ ಮಾಡಿದರೆ ಸಾಕು, ಉಸಿರು ಸಣ್ಣದಾಗಿ, ವೇಗವಾಗಿ ಆಗುತ್ತಿತ್ತು. ಪೊಟ್ಯಾಸಿಯಂ 2.7. ಬಂದ ದಿನ ಅದು 3.6 ಇತ್ತು.

ರೌಂಡ್ಸ್‌ನಲ್ಲಿ ಎಲ್ಲರ ಮನಸ್ಸು ಮೊದಲು ಹೋದದ್ದು ಹೊಸ ಸೋಂಕಿನ ಕಡೆ. ಅದು ಸಹಜ. ಶಾಕ್‌ನ ರೋಗಿ ಮತ್ತೆ ಕೆಟ್ಟರೆ ಆ್ಯಂಟಿಬಯಾಟಿಕ್ ಬದಲಿಸುವ ಮಾತು ಬಂದೇ ಬರುತ್ತದೆ. ಕರುಳಿಗೆ ರಕ್ತ ಹೋಗುತ್ತಿಲ್ಲವೇನೋ, ಊಟ ಪೂರ್ತಿ ನಿಲ್ಲಿಸಿ ಸ್ಕ್ಯಾನ್ ಮಾಡಿಸೋಣ ಎಂಬ ಮಾತೂ ಬಂತು. ಆದರೆ ಜ್ವರ ಇರಲಿಲ್ಲ. ಬಿಳಿ ರಕ್ತಕಣ ಇಳಿಯುತ್ತಿದ್ದವು. ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು.

ನನ್ನ ಕೈಯಲ್ಲಿ ಫೀಡಿಂಗ್ ಚಾರ್ಟ್ ಇತ್ತು. ಹಿಂದಿನ ದಿನದ ಒಟ್ಟು ಮೊತ್ತ ನೋಡಿದಾಗ ಒಂದು ಅನುಮಾನ ಬಂತು. ಅದನ್ನು ಖಚಿತ ಮಾಡಿಕೊಳ್ಳಲು ಲ್ಯಾಬ್ ರಿಪೋರ್ಟ್‌ಗಿಂತ ಮೊದಲು ಬೇಕಾಗಿದ್ದು ಮನೆಯವರ ಮಾತು. ಹೊರಗೆ ಮಗಳು ಕೂತಿದ್ದಳು. ಅವ್ವ ಊಟ ಮಾಡ್ತಿದ್ರಾ ಎಂದು ಕೇಳಿದರೆ ಹ್ಞೂಂ ಅನ್ನುತ್ತಾರೆ. ಯಾವ ಮಗಳೂ ನಮ್ಮವ್ವ ಉಪವಾಸ ಇದ್ದಳು ಎಂದು ಮೊದಲ ಮಾತಿಗೇ ಹೇಳುವುದಿಲ್ಲ. ಅದಕ್ಕೆ ಬೇರೆ ಥರ ಕೇಳಿದೆ. ಮುಂಜಾನೆ ಎದ್ದು ಏನು ತಗೋತಿದ್ರು, ರೊಟ್ಟಿ ಎಷ್ಟು ತಿಂತಿದ್ರು, ರಾತ್ರಿ ಏನು, ಕುಪ್ಪಸ ಸಡಿಲಾಗಿತ್ತಾ, ಕೈಬಳೆ ಜಾರ್ತಿದ್ವಾ.

"ಶ್ರಾವಣದಾಗ ಒಪ್ಪತ್ತು ಮಾಡ್ತಿದ್ಲ್ರಿ. ಅದು ಮುಗಿಯೂದ್ರಾಗ ಜ್ವರ ಹತ್ತಿತು. ಆಮ್ಯಾಲೆ ಬರೇ ಚಾ, ಒಂದೆರಡು ಬಿಸ್ಕೀಟು. ಗಂಜಿ ಮಾಡಿಕೊಟ್ರ ಎರಡು ಗುಟುಕು ಕುಡದು ಬ್ಯಾಡ ಅಂತಿದ್ಲು. ಬಳಿ ಮೊಣಕೈ ತನಾ ಜಾರತಿದ್ವು ನೋಡ್ರಿ."

ಒಂದು ತಿಂಗಳು ಒಂದೇ ಹೊತ್ತಿನ ಊಟ. ಅದರ ಮೇಲೆ ಮೂರು ವಾರ ಚಹಾ, ಬಿಸ್ಕತ್ತು. ಮಗಳ ಚೀಲದಲ್ಲಿ ಬಿಪಿ, ಶುಗರ್ ತಪಾಸಣೆಯ ಒಂದು ಹಳೆಯ ಚೀಟಿ ಇತ್ತು. ನಾಲ್ಕು ತಿಂಗಳ ಹಿಂದಿನದು. ತೂಕ 44 ಕೆಜಿ ಎಂದು ಬರೆದಿತ್ತು. ಈಗಿನ ಹಾಸಿಗೆ ತೂಕ 43. ಅದರಲ್ಲಿ ಐದಾರು ಲೀಟರ್ ಊತದ ನೀರು. ತೋಳಿನ ಸುತ್ತಳತೆ, ಎತ್ತರ ಎಲ್ಲ ನೋಡಿ ನಿಜವಾದ ತೂಕ ಸುಮಾರು 37 ಎಂದು ಅಂದಾಜಿಸಿದೆವು. ಎತ್ತರ 150 ಸೆಂಟಿಮೀಟರ್, ಬಿಎಂಐ 16ರ ಹತ್ತಿರ. ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ 16 ಪರ್ಸೆಂಟ್ ತೂಕ ಹೋಗಿತ್ತು.

ಮೂರನೇ ದಿನದ 2200 ಕ್ಯಾಲೊರಿಯನ್ನು 37ರಿಂದ ಭಾಗಿಸಿದರೆ ಕೆಜಿಗೆ ಸುಮಾರು 60. ಇಷ್ಟು ಹಸಿದು ಬಂದವರಿಗೆ ದಿನಕ್ಕೆ ಕೆಜಿಗೆ 10 ಕ್ಯಾಲೊರಿಗಿಂತ ಜಾಸ್ತಿ ಕೊಟ್ಟು ಶುರುಮಾಡಬೇಡಿ ಎಂದು ಬ್ರಿಟನ್ನಿನ ನೈಸ್ ಮಾರ್ಗಸೂಚಿ 2006ರಲ್ಲೇ ಹೇಳಿದೆ.

ರಂಜಕ (ಫಾಸ್ಫರಸ್) ಮತ್ತು ಮೆಗ್ನೀಸಿಯಂ ಪರೀಕ್ಷೆಗೆ ತುರ್ತಾಗಿ ರಕ್ತ ಕಳಿಸಲು ಇಂಟೆನ್ಸಿವಿಸ್ಟ್, ಅಂದರೆ ಐಸಿಯು ತಜ್ಞ ಡಾಕ್ಟರ್, ಒಪ್ಪಿದರು. ವಾರ್ಡಿನ ಮಾಮೂಲಿ ಎಲೆಕ್ಟ್ರೊಲೈಟ್ ಪರೀಕ್ಷೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮಾತ್ರ ಇದ್ದವು. ರಂಜಕವನ್ನು ಬೇರೆ ಬರೆದರಷ್ಟೇ ಮಾಡುತ್ತಿದ್ದರು. ಬಂದ ದಿನ ಯಾರೂ ಬರೆದಿರಲಿಲ್ಲ. ರಿಪೋರ್ಟ್ ಬಂತು: ರಂಜಕ 1.1. ಇರಬೇಕಾದದ್ದು 2.5ರಿಂದ 4.5. ಮೆಗ್ನೀಸಿಯಂ 1.3. ಅದೂ ಕಡಿಮೆ.

ಮೈಯೊಳಗೆ ಏನಾಗಿತ್ತು

ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ದಿನಗಟ್ಟಲೆ ಊಟ ಇಲ್ಲದಾಗ ದೇಹ ಸಕ್ಕರೆ ಬಿಟ್ಟು ಕೊಬ್ಬು, ಸ್ನಾಯು ಕರಗಿಸಿಕೊಂಡು ಬದುಕುತ್ತದೆ. ಇನ್ಸುಲಿನ್ ತೀರಾ ಕಡಿಮೆ ಇರುತ್ತದೆ. ಜೀವಕೋಶಗಳೊಳಗಿನ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಸವೆಯುತ್ತಾ ಹೋಗುತ್ತವೆ. ರಕ್ತದಲ್ಲಿ ಮಾತ್ರ ಮಟ್ಟ ಸರಿಯಾಗೇ ಕಾಣುತ್ತದೆ. ಈ ತಾಯಿಯ ಮೊದಲ ದಿನದ 3.6 ಪೊಟ್ಯಾಸಿಯಂ ಹಾಗೇ ಎಲ್ಲರಿಗೂ ಸಮಾಧಾನ ಕೊಟ್ಟಿತ್ತು. ಒಮ್ಮೆಲೇ ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ಅದು ಈ ಮೂರನ್ನೂ ರಕ್ತದಿಂದ ಕೋಶದೊಳಗೆ ಎಳೆಯುತ್ತದೆ. ರಕ್ತದಲ್ಲಿ ರಂಜಕ ಕುಸಿದರೆ ಹೃದಯ ಸೋಲುತ್ತದೆ, ಉಸಿರಾಟದ ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯು) ಸೋಲುತ್ತದೆ. ನಮ್ಮ ರೋಗಿಗೆ ಹೊರಗಿಂದಲೂ ಇನ್ಸುಲಿನ್ ಹೋಗುತ್ತಿತ್ತು. ಅದು ಎಳೆತವನ್ನು ಇನ್ನೂ ಜೋರು ಮಾಡಿತು.

ಇನ್ನೊಂದು ಥಯಾಮಿನ್, ಅಂದರೆ ಬಿ1 ವಿಟಮಿನ್. ಸಕ್ಕರೆಯನ್ನು ಉರಿಸಲು ಅದು ಬೇಕೇ ಬೇಕು. ಮೈಯಲ್ಲಿ ಅದರ ಸಂಗ್ರಹ ಕಡಿಮೆ, ಕೆಲವೇ ವಾರಗಳಲ್ಲಿ ಖಾಲಿಯಾಗುತ್ತದೆ. ಅದಿಲ್ಲದೆ ಸಕ್ಕರೆ ತುಂಬಿದರೆ ಸಕ್ಕರೆ ಅರ್ಧ ದಾರಿಯಲ್ಲೇ ನಿಂತು ಲ್ಯಾಕ್ಟೇಟ್ ಆಗುತ್ತದೆ. ಹೊಸ ಸೋಂಕಿನಂತೆ ಕಂಡ ಆ 4.2ರ ಹಿಂದೆ ಇದೂ ಇತ್ತು.

ಎರಡನೇ ಮಹಾಯುದ್ಧ ಮುಗಿದಾಗ ಶಿಬಿರಗಳಿಂದ ಬಿಡುಗಡೆಯಾದ ಕೈದಿಗಳಿಗೆ ಕರುಣೆಯಿಂದ ಹೊಟ್ಟೆ ತುಂಬ ಊಟ ಕೊಟ್ಟಾಗ ಕೆಲವರು ಊದಿಕೊಂಡು, ಹೃದಯ ಸೋತು ಸತ್ತರು. ಡಾಕ್ಟರುಗಳ ಗಮನ ಇದರ ಮೇಲೆ ಬಿದ್ದದ್ದು ಆಗ. ಅದೇ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಸ್ವಯಂಸೇವಕರನ್ನು ಅರೆಹೊಟ್ಟೆಯಲ್ಲಿಟ್ಟು, ಮತ್ತೆ ಊಟ ಕೊಟ್ಟು ಅಭ್ಯಾಸ ಮಾಡಿದ್ದರು. ಹಸಿದವರಿಗೆ ಊಟ ಮರಳಿ ಕೊಡುವುದಕ್ಕೂ ಒಂದು ಕ್ರಮ ಬೇಕು ಎಂಬುದು ಹೊಸ ವಿಷಯವೇನಲ್ಲ.

ನಿರ್ಧಾರ

ಊಟ ಪೂರ್ತಿ ನಿಲ್ಲಿಸುವುದಾ, ಕಡಿಮೆ ಮಾಡುವುದಾ? ಇಲ್ಲಿ ಚರ್ಚೆ ಸ್ವಲ್ಪ ಜಾಸ್ತಿಯೇ ನಡೆಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಐಸಿಯುಗಳಲ್ಲಿ ಇದೇ ತೊಂದರೆಯಾದ 339 ರೋಗಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಗಿತ್ತು. ಕೆಲವರಿಗೆ ಗಂಟೆಗೆ 20 ಕ್ಯಾಲೊರಿಗೆ ಇಳಿಸಿ ಕನಿಷ್ಠ ಎರಡು ದಿನ ಹಾಗೇ ಇಟ್ಟಿದ್ದರು. ಉಳಿದವರಿಗೆ ಮಾಮೂಲಿ ಊಟ ಮುಂದುವರಿಸಿದ್ದರು. ಅಧ್ಯಯನದ ಮುಖ್ಯ ಅಳತೆಯಲ್ಲಿ ಖಚಿತವಾದ ವ್ಯತ್ಯಾಸ ಬರಲಿಲ್ಲ. ಆದರೆ 60 ದಿನದ ಹೊತ್ತಿಗೆ ಕಡಿಮೆ ಕೊಟ್ಟವರಲ್ಲಿ ಬದುಕಿದ್ದವರು ಜಾಸ್ತಿ. ಯುರೋಪಿನ ಎಸ್ಪೆನ್ ಮಾರ್ಗಸೂಚಿಯೂ 2019ರಲ್ಲಿ ಇದನ್ನೇ ಹೇಳಿತು: ರಂಜಕ ಬಿದ್ದರೆ 48 ಗಂಟೆ ಕ್ಯಾಲೊರಿಗೆ ಮಿತಿ, ದಿನಕ್ಕೆ ಎರಡು ಮೂರು ಸಲ ಪರೀಕ್ಷೆ, ಆಮೇಲೆ ನಿಧಾನಕ್ಕೆ ಏರಿಕೆ.

ನಾವು ನಿಲ್ಲಿಸಲಿಲ್ಲ. ಎರಡು ಗಂಟೆಗೊಮ್ಮೆ ಸುರಿಯುವುದನ್ನು ಬಿಟ್ಟು ಗಂಟೆಗೆ 20 ಮಿಲಿಯಂತೆ ಪಂಪ್‌ನಲ್ಲಿ ಹನಿಹನಿಯಾಗಿ ಬಿಟ್ಟೆವು. ಗ್ಲೂಕೋಸ್ ಸಲಾಯಿನ್ ತೆಗೆಸಿದೆವು. ಸಕ್ಕರೆ ತಾನಾಗೇ ಇಳಿಯಿತು, ಇನ್ಸುಲಿನ್ ಬೇಕಾಗಲಿಲ್ಲ. ಥಯಾಮಿನ್ ದಿನಕ್ಕೆ 300 ಮಿಲಿಗ್ರಾಂ ರಕ್ತನಾಳಕ್ಕೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಡ್ರಿಪ್. ಪೊಟ್ಯಾಸಿಯಂ ಫಾಸ್ಫೇಟ್ ಇಂಜೆಕ್ಷನ್ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಇರಲಿಲ್ಲ. ಮಗ ಚೀಟಿ ಹಿಡಿದು ಊರೆಲ್ಲ ತಿರುಗಿ ಸಂಜೆಗೆ ತಂದ. ಅಲ್ಲಿಯವರೆಗೆ ಫಾಸ್ಫೇಟ್ ಪುಡಿಯನ್ನು ನಳಿಕೆಯಲ್ಲೇ ಕೊಟ್ಟೆವು. ಇಂಜೆಕ್ಷನ್ ಬಂದ ಮೇಲೆ ಕತ್ತಿನ ಲೈನಿನಲ್ಲಿ ಹಲವು ಗಂಟೆ ಎಳೆದು ನಿಧಾನಕ್ಕೆ ಬಿಟ್ಟರು. ಅವಸರ ಮಾಡಿದರೆ ಕ್ಯಾಲ್ಸಿಯಂ ಬೀಳುತ್ತದೆ. ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ 1.9 ಇದ್ದದ್ದರಿಂದ ಪ್ರತಿ ಎಂಟು ಗಂಟೆಗೆ ರಕ್ತ ನೋಡಿದರು.

ಆ್ಯಂಟಿಬಯಾಟಿಕ್ ಬದಲಿಸಬೇಕಾ ಎಂಬ ಪ್ರಶ್ನೆ ಹಾಗೇ ಇತ್ತು. ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ, ಸಂಜೆವರೆಗೆ ಕಾಯೋಣ, ಕೆಟ್ಟರೆ ಬದಲಿಸೋಣ ಎಂದು ಇಂಟೆನ್ಸಿವಿಸ್ಟ್ ತೀರ್ಮಾನಿಸಿದರು. ಇಡೀ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ನಿರ್ಧಾರ ಇದು. ಕಾಯುವುದಕ್ಕೂ ಧೈರ್ಯ ಬೇಕು. ಸಂಜೆಗೆ ಲ್ಯಾಕ್ಟೇಟ್ 2.4ಕ್ಕೆ ಇಳಿದಿತ್ತು. ಮರುದಿನ ಎದೆಬಡಿತ ಸರಿಹೋಯಿತು. ಕಲ್ಚರ್‌ನಲ್ಲಿ ಹೊಸದೇನೂ ಬೆಳೆಯಲಿಲ್ಲ. ಆರನೇ ದಿನ ರಂಜಕ 2.6.

ಮಗನಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ನಿನ್ನೆ ಜಾಸ್ತಿ ಹಾಕುತ್ತಿದ್ದವರು ಇವತ್ತು ಕಡಿಮೆ ಮಾಡಿದರೆ ಯಾರಿಗಾದರೂ ಸಂಶಯ ಬರುತ್ತದೆ. ಅಂಗಡಿಯಿಂದ ದೊಡ್ಡ ಪ್ರೋಟೀನ್ ಡಬ್ಬಿ ತಂದಿದ್ದ, ವ್ಯಾಯಾಮ ಮಾಡುವ ಹುಡುಗರು ಕುಡಿಯುವಂಥದ್ದು. ಅವನನ್ನು ಕೂರಿಸಿ ಚಾರ್ಟ್ ತೋರಿಸಿ ಹೇಳಿದೆವು. ಮೂತ್ರಪಿಂಡ ಸೋತಿರುವಾಗ ಪ್ರೋಟೀನ್ ಮಿತಿಮೀರಿದರೆ ಕೆಡುಕಾಗಬಹುದು ಎಂಬ ಸೂಚನೆ 2023ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸಿಕ್ಕಿತ್ತು. ಡಬ್ಬಿಯನ್ನು ವಾಪಸ್ ಕೊಟ್ಟು ಬರಲು ಹೇಳಿದೆವು. ಅವನ ದುಡ್ಡು ಉಳಿಯಿತು.

ಕಡಿಮೆಯಿಂದ ಶುರುಮಾಡಿ ಕಡಿಮೆಯಲ್ಲೇ ಉಳಿಯುವುದು

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಹೆದರಿ ಕಡಿಮೆ ಮಾಡಿದ ಊಟವನ್ನು ಮತ್ತೆ ಏರಿಸುವುದನ್ನು ಮರೆಯುವುದು ಎರಡನೇ ಅಪಾಯ. ಐಸಿಯುನಲ್ಲಿ ಸ್ನಾಯು ಕರಗುವ ವೇಗ ನಂಬಲಾಗದಷ್ಟು. ಲಂಡನ್ನಿನಲ್ಲಿ 63 ರೋಗಿಗಳ ತೊಡೆಯ ಸ್ನಾಯುವನ್ನು ಸ್ಕ್ಯಾನ್‌ನಲ್ಲಿ ಅಳೆದು ನೋಡಿದ್ದರು. ಹತ್ತು ದಿನದಲ್ಲಿ ಅದು ಸರಾಸರಿ ಸುಮಾರು 18 ಪರ್ಸೆಂಟ್ ತೆಳ್ಳಗಾಗಿತ್ತು. 2013ರಲ್ಲಿ ಪ್ರಕಟವಾದ ಅಂಕಿ ಇದು. ಮೊದಲೇ ಸೊರಗಿ ಬಂದವರಲ್ಲಿ ಕರಗಲು ಉಳಿದಿರುವುದಾದರೂ ಎಷ್ಟು?

ಆರನೇ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆವು. ಕೆಜಿಗೆ 15, ಆಮೇಲೆ 20, ಆಮೇಲೆ 25. ಲೆಕ್ಕಕ್ಕೆ 37 ಕೆಜಿಯನ್ನೇ ಹಿಡಿದೆವು, ಹಾಸಿಗೆಯ 43 ಅಲ್ಲ. ಗುರಿ ದಿನಕ್ಕೆ ಸುಮಾರು 925 ಕ್ಯಾಲೊರಿ, ಪ್ರೋಟೀನ್ 48 ಗ್ರಾಂ.

ಒಂಬತ್ತನೇ ದಿನ ಒಳಗೆ ಹೋದದ್ದನ್ನು ಕೂಡಿಸಿದರೆ 560 ಬಂತು. ಬರೆದದ್ದು 925. ಉಳಿದದ್ದು ಎಲ್ಲಿ ಹೋಯಿತು? ಬೆಳಿಗ್ಗೆ ಮೈ ಒರೆಸುವಾಗ ಪಂಪ್ ನಿಲ್ಲಿಸಿದ್ದರು, ಮತ್ತೆ ಹಚ್ಚಿದ್ದು ತಡವಾಗಿ. ಸ್ಕ್ಯಾನ್‌ಗೆ ಹೋಗುವ ಮೊದಲು ನಿಲ್ಲಿಸಿದ್ದರು, ಸ್ಕ್ಯಾನ್ ಮಧ್ಯಾಹ್ನಕ್ಕೆ ಮುಂದಕ್ಕೆ ಹೋಗಿತ್ತು. ಹೊಟ್ಟೆಯಿಂದ ಎಳೆದು ನೋಡಿದಾಗ 180 ಮಿಲಿ ಬಂತೆಂದು ಮತ್ತೆರಡು ಗಂಟೆ. ಒಬ್ಬೊಬ್ಬರದೂ ಸಣ್ಣ ನಿಲುಗಡೆ. ಅವೆಲ್ಲ ಸೇರಿ ರೋಗಿಯ ಊಟದಲ್ಲಿ ಹೆಚ್ಚುಕಡಿಮೆ 40 ಪರ್ಸೆಂಟ್ ಹೋಗಿತ್ತು.

ಸಿಸ್ಟರ್‌ಗಳ ಜೊತೆ ಕೂತು ಮಾತಾಡಿದೆವು. ಹೊಟ್ಟೆಯಲ್ಲಿ 500 ಮಿಲಿಗಿಂತ ಕಡಿಮೆ ಉಳಿದಿದ್ದರೆ, ವಾಂತಿ ಇಲ್ಲದಿದ್ದರೆ, ಹೊಟ್ಟೆ ಉಬ್ಬಿರದಿದ್ದರೆ ನಿಲ್ಲಿಸುವುದು ಬೇಡ ಎಂದು ಅಮೆರಿಕದ ಮಾರ್ಗಸೂಚಿ 2016ರಲ್ಲೇ ಹೇಳಿದೆ. ತಲೆ ಕಡೆ ಹಾಸಿಗೆ 30ರಿಂದ 45 ಡಿಗ್ರಿ ಎತ್ತಿಟ್ಟರೆ ಸಾಕು. ಗಂಟೆಗೆ ಇಷ್ಟು ಎಂಬ ಗುರಿ ಬಿಟ್ಟು ದಿನಕ್ಕೆ ಇಷ್ಟು ಎಂಬ ಗುರಿ ಇಟ್ಟೆವು. ಎರಡು ಗಂಟೆ ನಿಂತುಹೋದರೆ ಮುಂದಿನ ಗಂಟೆಗಳಲ್ಲಿ ವೇಗ ಹೆಚ್ಚಿಸಿ ತುಂಬಿಸುವ ಅಧಿಕಾರ ಸಿಸ್ಟರ್‌ಗಳಿಗೇ ಸಿಕ್ಕಿತು. ಮಿತಿಯನ್ನು ಚಾರ್ಟ್‌ನಲ್ಲೇ ಬರೆದಿಟ್ಟೆವು. ಅಲ್ಲಿಂದ ಮುಂದೆ 850ರ ಕೆಳಗೆ ಹೋದ ದಿನ ಕಡಿಮೆ.

ನಡುವೆ ಭೇದಿ ಶುರುವಾಯಿತು. ಪುಡಿ ಹೊಂದುತ್ತಿಲ್ಲ, ಬದಲಿಸಿ ಎಂದು ಮಾತು ಬಂತು. ಔಷಧಿ ಪಟ್ಟಿ ನೋಡಿದರೆ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ನೀರು ಬೆರೆಸದೆ ನಳಿಕೆಯಲ್ಲಿ ಹೋಗುತ್ತಿತ್ತು. ಜೊತೆಗೆ ಸಾರ್ಬಿಟಾಲ್ ಇರುವ ಇನ್ನೊಂದು ಸಿರಪ್. ಎರಡೂ ಕರುಳಿಗೆ ನೀರು ಎಳೆಯುವಂಥವು. ಒಂದನ್ನು ನೀರು ಬೆರೆಸಿ ಕೊಡಿಸಿ, ಇನ್ನೊಂದನ್ನು ಮಾತ್ರೆಗೆ ಬದಲಿಸಿದ ಮೇಲೆ ಎರಡು ದಿನದಲ್ಲಿ ಭೇದಿ ನಿಂತಿತು. ಪುಡಿ ಅದೇ ಇತ್ತು.

ಸೊಸೆ ಮನೆಯಿಂದ ಜೋಳದ ನುಚ್ಚಿನ ಗಂಜಿ ತಂದು ನಳಿಕೆಯಲ್ಲಿ ಹಾಕಲು ಕೇಳಿದಳು. ಒಮ್ಮೆ ಹಾಕಿದಾಗ ನಳಿಕೆ ಕಟ್ಟಿಕೊಂಡು ಬೇರೆ ಹಾಕಬೇಕಾಯಿತು. ನಳಿಕೆ ಹಿಡಿಸುವಷ್ಟು ತೆಳ್ಳಗೆ ಮಾಡಿದರೆ ಗಂಜಿಯಲ್ಲಿ ನೀರೇ ಜಾಸ್ತಿ, ಕ್ಯಾಲೊರಿ ಕಡಿಮೆ. ಬೇಸಿಗೆಯಾಗಲಿ ಮಳೆಗಾಲವಾಗಲಿ, ಮನೆಯಿಂದ ಬಂದದ್ದು ಗಂಟೆಗಟ್ಟಲೆ ಇದ್ದರೆ ಕೆಡುವ ಭಯ ಬೇರೆ. ನಳಿಕೆ ಇರುವವರೆಗೆ ಪುಡಿಯೇ ಇರಲಿ, ಬಾಯಿಗೆ ಬಂದ ದಿನ ನಿಮ್ಮ ನುಚ್ಚೇ ಬೇಕು ಎಂದು ಅವಳಿಗೆ ಹೇಳಿದೆ.

ವೆಂಟಿಲೇಟರ್ ತೆಗೆದ ಮೇಲೆ

ಹನ್ನೊಂದನೇ ದಿನ ಉಸಿರಾಟದ ನಳಿಕೆ ತೆಗೆದರು. ನಾಲ್ಕನೇ ದಿನ ಸೋತಿದ್ದ ವಪೆ ಈಗ ತಡೆದುಕೊಂಡಿತು. ಎಲ್ಲರೂ ಖುಷಿಯಲ್ಲಿ ಮೂಗಿನ ನಳಿಕೆಯನ್ನೂ ತೆಗೆಯಲು ಹೊರಟರು. ನಾನು ತಡೆದೆ. ನನ್ನ ಅನುಭವದಲ್ಲಿ ರೋಗಿಗಳು ಅತಿ ಕಡಿಮೆ ಉಣ್ಣುವುದು ಈ ವಾರದಲ್ಲೇ. ಗಂಟಲು ನೋಯುತ್ತಿರುತ್ತದೆ, ನುಂಗುವ ಸ್ನಾಯು ಸೋತಿರುತ್ತವೆ, ಹಸಿವೇ ಇರುವುದಿಲ್ಲ. ನಳಿಕೆ ಹೋದ ಕೂಡಲೇ ಲೆಕ್ಕವೂ ನಿಂತುಹೋಗುತ್ತದೆ. ಚಾರ್ಟ್‌ನಲ್ಲಿ ಊಟ ಮಾಡಿದರು ಎಂದಷ್ಟೇ ಇರುತ್ತದೆ.

ಒಂದು ಚಮಚ ನೀರು ಕೊಟ್ಟಾಗ ಈ ತಾಯಿ ಕೆಮ್ಮಿದರು. ನೀರು ತೆಳ್ಳಗಿರುವುದರಿಂದ ಬೇಗ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ಗಟ್ಟಿ ಅಂಬಲಿ ಸರಿಯಾಗಿ ನುಂಗಿದರು. ಹಾಗಾಗಿ ಕೆಲವು ದಿನ ನೀರು, ಚಹಾ, ಎಳನೀರು ಬಾಯಿಂದ ಬೇಡ ಎಂದೆವು. ಮಗನಿಗೆ ಎಳನೀರು ಬೇಡ ಎಂದದ್ದು ತೀರಾ ಬೇಜಾರಾಯಿತು. ನೇರವಾಗಿ ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಪೂರ್ತಿ ನುಂಗಿದ ಮೇಲೆ ಇನ್ನೊಂದು.

ಆಸ್ಪತ್ರೆಯ ಸಿಹಿ ಹಾಲು, ನೆನೆಸಿದ ಬ್ರೆಡ್ ಅವರಿಗೆ ಸೇರಲಿಲ್ಲ. "ಬಾಯಿ ಸಪ್ಪಗಾಗೇತ್ರಿ, ಏನರ ಖಾರಂದು ಕೊಡ್ರಿ" ಎಂದರು. ಆಗ ಸೊಸೆಯ ನುಚ್ಚು ಬಂತು. ಮೆತ್ತಗೆ ಬೇಯಿಸಿ, ಹೆಸರುಬೇಳೆ ಕೂಡಿಸಿ, ಗಟ್ಟಿ ಮೊಸರಿನಲ್ಲಿ ಕಲಸಿ, ಒಂದು ಚಮಚ ತುಪ್ಪ, ನಾಲಿಗೆಗೆ ತಗಲುವಷ್ಟು ಶೇಂಗಾ ಹಿಂಡಿ ನುಣ್ಣಗೆ ಕುಟ್ಟಿ. ಅರ್ಧ ಬಟ್ಟಲು ಖಾಲಿಯಾಯಿತು. ಮನೆಯವರು ಉಂಡಳು ಎಂದು ಸಂತೋಷಪಟ್ಟರು. ಅಳೆದು ನೋಡಿದರೆ ದಿನವಿಡೀ ಬಾಯಿಂದ ಹೋದದ್ದು 350 ಕ್ಯಾಲೊರಿ. ಉಳಿದದ್ದನ್ನು ರಾತ್ರಿ ನಳಿಕೆಯಲ್ಲಿ ನಿಧಾನವಾಗಿ ಬಿಟ್ಟೆವು. ಹಗಲು ಹಸಿವಾಗಲಿ ಎಂದು ಹಗಲಿನ ಫೀಡ್ ನಿಲ್ಲಿಸಿದೆವು. ಬಾಯಿಂದ ಮುಕ್ಕಾಲು ಭಾಗ ಹೋಗತೊಡಗಿದ ಮೇಲೆ, ಹದಿನಾರನೇ ದಿನ, ನಳಿಕೆ ತೆಗೆದರು. ಫಿಸಿಯೊಥೆರಪಿಸ್ಟ್ ದಿನಾ ಎಬ್ಬಿಸಿ ಕೂರಿಸುತ್ತಿದ್ದರು, ಮಂಚದ ಪಕ್ಕ ನಿಲ್ಲಿಸುತ್ತಿದ್ದರು. ಕೆಲಸ ಕೊಡದ ಸ್ನಾಯುವಿಗೆ ಪ್ರೋಟೀನ್ ಹಾಕಿದರೆ ಅದು ಬೆಳೆಯುವುದಿಲ್ಲ.

ಇಪ್ಪತ್ತೊಂದನೇ ದಿನ ಮನೆಗೆ ಹೋದರು. ಊತ ಇಳಿದಿತ್ತು. ತೂಕ 36.5. ಅದು ನಮ್ಮ 37ರ ಅಂದಾಜಿಗೆ ಹತ್ತಿರವೇ ಇತ್ತು. ಮಗಳ ಕೈಗೆ ಕನ್ನಡದಲ್ಲಿ ಬರೆದ ಹಾಳೆ ಕೊಟ್ಟೆ. ಸಾರಿನಲ್ಲಿ ನೆನೆಸಿದ ಬಿಸಿ ರೊಟ್ಟಿ, ದಿನಕ್ಕೆ ಎರಡು ತತ್ತಿ, ಮೊಸರು, ಮೊಳಕೆ ಬಂದ ಮಡಿಕೆ ಕಾಳು ಬೇಯಿಸಿ, ಎರಡು ಊಟದ ನಡುವೆ ಶೇಂಗಾ ಬೆಲ್ಲ. ಊಟಕ್ಕೆ ಮೊದಲು ಚಹಾ ಬೇಡ, ಹಸಿವು ಸಾಯುತ್ತದೆ. ಮುಂದಿನ ಶ್ರಾವಣದಲ್ಲಿ ಒಪ್ಪತ್ತು ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು ಎಂದೂ ಬರೆದೆ. ಅದನ್ನು ಓದಿ ಆ ತಾಯಿ ಒಪ್ಪಲಿಲ್ಲ. ದೇವರ ವಿಷಯ ನಾವು ನೋಡ್ಕೋತೀವಿ ಎಂದರು. ಒತ್ತಾಯ ಮಾಡಲಿಲ್ಲ. ಒಪ್ಪತ್ತಿನ ದಿನ ಹಾಲು, ಬಾಳೆಹಣ್ಣು, ಶೇಂಗಾ ನಡೆಯುತ್ತವಾ ಎಂದು ಕೇಳಿದೆ. ನಡೆಯುತ್ತವೆ ಎಂದರು. ಅದನ್ನು ಹಾಳೆಗೆ ಸೇರಿಸಿದೆ.

ಮೂರು ತಿಂಗಳ ನಂತರ ಬಂದಾಗ ತೂಕ 41. ನೆಲದ ಮೇಲೆ ಕೂತು ಯಾರ ಕೈಯೂ ಹಿಡಿಯದೆ ಏಳುತ್ತಿದ್ದರು. ನೀರಿನ ಕೊಡ ಇನ್ನೂ ಎತ್ತಲು ಆಗುತ್ತಿರಲಿಲ್ಲ. ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು. ಅರ್ಧ ದಿನ ಕೂತು ತೊಟ್ಟು ಬಿಡಿಸುತ್ತೇನೆ ಎಂದರು.

ವಾರ್ಡಿನಲ್ಲಿ ಏನು ಬದಲಾಯಿತು

ಛಾಪಿಸಿದ 200 ಮಿಲಿ ಹಾಳೆ ಹೋಯಿತು. ಅದರ ಜಾಗಕ್ಕೆ ಬಂದ ಹಾಳೆಯಲ್ಲಿ ಮೊದಲು ತೂಕದ ಅಂದಾಜು, ಊತ ಇದೆಯಾ ಎಂಬ ಕಾಲಂ, ಆಮೇಲೆ ಮನೆಯವರಿಗೆ ಕೇಳುವ ಪ್ರಶ್ನೆಗಳು. ಊಟ ಮಾಡುತ್ತಿದ್ದರಾ ಎಂದಲ್ಲ, ಕಳೆದ ವಾರ ದಿನಕ್ಕೆ ಎಷ್ಟು ರೊಟ್ಟಿ ಎಂದು. ಬಟ್ಟೆ, ಬಳೆ, ಬೆಲ್ಟು ಸಡಿಲವಾಗಿತ್ತಾ ಎಂದು. ಉಪವಾಸ, ಒಪ್ಪತ್ತು, ರೋಜಾ ಇತ್ತಾ ಎಂದು. ಕುಡಿಯುವ ಅಭ್ಯಾಸ ಇದೆಯಾ ಎಂದು, ಯಾಕೆಂದರೆ ಕುಡಿಯುವವರಲ್ಲಿ ಥಯಾಮಿನ್ ಇನ್ನೂ ಬೇಗ ಖಾಲಿಯಾಗಿರುತ್ತದೆ. ಈ ಉತ್ತರಗಳಲ್ಲಿ ಅನುಮಾನ ಬಂದರೆ ಮೊದಲ ತೊಟ್ಟು ಫೀಡ್‌ಗೆ ಮುಂಚೆ ಥಯಾಮಿನ್ ಹೋಗುತ್ತದೆ, ಮೊದಲ ರಕ್ತ ಪರೀಕ್ಷೆಯಲ್ಲೇ ರಂಜಕ, ಮೆಗ್ನೀಸಿಯಂ ನೋಡಲು ಕಳಿಸುತ್ತಾರೆ. ಥಯಾಮಿನ್ ಅಗ್ಗದ ಔಷಧಿ. ಕೊಟ್ಟು ಬೇಡವಾಗಿತ್ತು ಅನ್ನಿಸಿದರೂ ನಷ್ಟವಿಲ್ಲ.

ಪ್ರೊಪೊಫಾಲ್, ಗ್ಲೂಕೋಸ್ ಸಲಾಯಿನ್ ಕ್ಯಾಲೊರಿಯನ್ನು ಈಗ ರಾತ್ರಿ ಸಿಸ್ಟರ್‌ಗಳೇ ಫೀಡಿಂಗ್ ಚಾರ್ಟ್‌ನ ಕೆಳಗೆ ಕೂಡಿಸಿ ಬರೆಯುತ್ತಾರೆ. ಬರೆದದ್ದೆಷ್ಟು, ಒಳಗೆ ಹೋದದ್ದೆಷ್ಟು ಎಂಬ ಎರಡು ಅಂಕಿ ಬೆಳಗಿನ ರೌಂಡ್ಸ್‌ನಲ್ಲಿ ಬಿಪಿಯ ಜೊತೆಗೇ ಓದಲಾಗುತ್ತದೆ. ಪೊಟ್ಯಾಸಿಯಂ ಫಾಸ್ಫೇಟ್ ಇಂಜೆಕ್ಷನ್ ಐಸಿಯು ಕಪಾಟಿನಲ್ಲೇ ಇಟ್ಟಿದ್ದಾರೆ. ಅದರ ಅವಧಿ ಮುಗಿಯುವ ದಿನಾಂಕವನ್ನು ತಿಂಗಳಿಗೊಮ್ಮೆ ನೋಡುವ ಹೊಣೆ ಒಬ್ಬ ಸಿಸ್ಟರ್‌ಗೆ ಕೊಟ್ಟಿದ್ದಾರೆ.

ಬಗೆಹರಿಯದೆ ಉಳಿದಿರುವುದು ಭಾನುವಾರ. ಅಂದು ರಂಜಕದ ಪರೀಕ್ಷೆ ಹೊರಗಿನ ಲ್ಯಾಬ್‌ಗೆ ಹೋಗುತ್ತದೆ, ರಿಪೋರ್ಟ್ ಸಂಜೆಗೆ ಬರುತ್ತದೆ. ಹಾಗಾಗಿ ಶನಿವಾರ ರಾತ್ರಿ ಹಸಿದು ಬಂದವರು ಯಾರಾದರೂ ಸೇರಿದರೆ ಸೋಮವಾರದವರೆಗೆ ಕೆಜಿಗೆ 10 ಕ್ಯಾಲೊರಿ ದಾಟುವುದಿಲ್ಲ ಎಂದು ಸದ್ಯಕ್ಕೆ ನಿಯಮ ಮಾಡಿಕೊಂಡಿದ್ದೇವೆ. ಲ್ಯಾಬ್‌ನವರ ಜೊತೆ ಮಾತು ನಡೆಯುತ್ತಿದೆ.